ಚೂರುಬಟ್ಟೆ ಚೆನ್ನ, ಅಂಟು ಬೇಡ: ಕೊಲಾಜ್ ಕೌದಿಯ ಕಿಟ್ ಒಂದರ ವಿಮರ್ಶೆ

ಕೈಮಗ್ಗದ ಉಡುಪು ಹೊಲಿಯುವ ಘಟಕಗಳಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಆಯ್ದು, ಅವುಗಳ ಜೊತೆಗೆ ಒಂದು ಚಿತ್ರದ ನಕ್ಷೆ, ಅಂಟಿನ ಹಾಳೆ, ಸೂಜಿ ಮತ್ತು ದಾರಗಳನ್ನಿಟ್ಟು, ಮನೆಯಲ್ಲೇ ಒಂದು ಪುಟ್ಟ ಕೊಲಾಜ್ ಕೌದಿಯನ್ನು, ಅಂದರೆ ಬಟ್ಟೆಯ ಚೂರುಗಳನ್ನು ಜೋಡಿಸಿ ಚಿತ್ರ ಮೂಡಿಸಿದ ಕೌದಿಯನ್ನು, ಮಾಡಿಕೊಳ್ಳಿ ಎಂದು ಮಾರುವ ಕಿಟ್‌ಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿಯೂ ಕರಕುಶಲ ಮೇಳಗಳಲ್ಲಿಯೂ ದೊರೆಯುತ್ತಿವೆ. ಅಂಥದೊಂದನ್ನು ತರಿಸಿಕೊಂಡು, ಅದರ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿಯೂ, ಆ ಕ್ರಮವನ್ನು ಬದಿಗಿಟ್ಟು ಉತ್ತರ ಕರ್ನಾಟಕದ ಕೌದಿಯ ಕ್ರಮದಲ್ಲಿಯೂ ಹೊಲಿದು ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುವುದಿಲ್ಲ; ನನ್ನ ಆಕ್ಷೇಪ ಒಬ್ಬ ತಯಾರಕರಿಗಿಂತ ಹೆಚ್ಚಾಗಿ ಈ ಬಗೆಯ ಕಿಟ್‌ನ ಹಿಂದಿರುವ ಕಲ್ಪನೆಗೆ ಸಂಬಂಧಿಸಿದ್ದು. ತೀರ್ಪನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ: ಕಿಟ್‌ನಲ್ಲಿ ಬಂದ ಬಟ್ಟೆ ಚೆನ್ನಾಗಿದೆ, ಆದರೆ ಅದರ ಜೊತೆಗೆ ಬಂದ ಅಂಟಿನ ವಿಧಾನ ಆ ಬಟ್ಟೆಗೆ ಯೋಗ್ಯವಾಗಿಲ್ಲ.

ಪೆಟ್ಟಿಗೆಯಲ್ಲಿ ಇರುವುದು ಇಷ್ಟು: ಸುಮಾರು ಕಾಲು ಕಿಲೋ ಚೂರುಬಟ್ಟೆ, 16 ಇಂಚು ಅಗಲ, 20 ಇಂಚು ಎತ್ತರದ ಒಂದು ತಳಬಟ್ಟೆ, ಅದೇ ಅಳತೆಯ ತೆಳುವಾದ ಹತ್ತಿಯ ಪದರ, ಹಿಂಬದಿಗೆ ಕೋರಾ ಬಟ್ಟೆ, ಒಂದು ಬದಿಗೆ ಕಾಗದವಿರುವ, ಇಸ್ತ್ರಿಯ ಬಿಸಿಗೆ ಕರಗಿ ಬಟ್ಟೆಗೆ ಅಂಟುವ ಫ್ಯೂಸಿಂಗ್ ಹಾಳೆ, ಅಂಟು ಹತ್ತದ ಟೆಫ್ಲಾನ್ ಹಾಳೆ, ಸೂಜಿಗಳ ಒಂದು ಪೊಟ್ಟಣ, ಆರೆಳೆಯ ಕಸೂತಿ ದಾರದ ಕೆಲವು ಲಡಿಗಳು, ಮತ್ತು ಒಂದು ಹುಂಜದ ರೇಖಾಚಿತ್ರ. ಕತ್ತರಿಯನ್ನು ಕೊಟ್ಟಿಲ್ಲ, ಕೊಡದಿರುವುದೇ ಒಳ್ಳೆಯದು, ಏಕೆಂದರೆ ಇಂಥ ಕಿಟ್‌ಗಳಲ್ಲಿ ಬರುವ ಚಿಕ್ಕ ಕತ್ತರಿ ರವಿಕೆಗೆ ಬಳಸುವ ಖಣದ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಸಾಣೆ ಹಿಡಿಸಿಕೊಳ್ಳಬಹುದಾದ ಮೀರತ್ತಿನ ಉಕ್ಕಿನ ಕತ್ತರಿಯೊಂದು ಮನೆಯಲ್ಲಿದ್ದು, ಅದರಿಂದ ಕಾಗದವನ್ನು ಯಾರೂ ಕತ್ತರಿಸದಂತೆ ನೋಡಿಕೊಂಡರೆ ಸಾಕು.

ಇನ್ನು ಚೂರುಗಳ ವಿಚಾರ. ಇವುಗಳಲ್ಲಿ ಇಳಕಲ್ ಸೀರೆಯ ತುಂಡುಗಳು, ಗುಳೇದಗುಡ್ಡದ ಖಣದ ತುಂಡುಗಳು, ಸಸ್ಯಮೂಲದ ಬಣ್ಣ ಹಾಕಿದ ದಪ್ಪ ಹತ್ತಿಯ ತುಂಡುಗಳು ಇವೆ, ನಡುವೆ ಒಂದಿಷ್ಟು ಸಾದಾ ಬಟ್ಟೆಯೂ ಇದೆ. ಅಂಗೈ ಅಗಲಕ್ಕಿಂತ ಚಿಕ್ಕದಾದ ಚೂರು ಹೆಚ್ಚು ಇಲ್ಲ. ಬಣ್ಣಗಳನ್ನು ಯಾರೋ ಕಣ್ಣಿಟ್ಟು ಆರಿಸಿದ್ದಾರೆ ಎಂಬುದು ಕಟ್ಟು ಬಿಚ್ಚುತ್ತಿದ್ದಂತೆಯೇ ತಿಳಿಯುತ್ತದೆ: ಇಳಕಲ್ಲಿನ ಸೆರಗಿನ ದಾಳಿಂಬೆ ಕೆಂಪು, ಖಣದ ಗಿಳಿಹಸಿರು ಮತ್ತು ಅರಿಶಿನ, ಅಡಿಕೆಯ ಚೊಗರಿನಿಂದ ಬರುವ ಕೆಂಗಂದು. ಈ ಕೊನೆಯ ಬಣ್ಣವನ್ನು ಸಾಗರ ತಾಲ್ಲೂಕಿನ ಹೆಗ್ಗೋಡಿನ ಕೈಮಗ್ಗದ ಸಂಸ್ಥೆಯಾದ ಚರಕದ ಬಟ್ಟೆಗಳಲ್ಲಿ ನೋಡಿದವರಿಗೆ ಅದರ ಪರಿಚಯವಿರುತ್ತದೆ. ಅಡಿಕೆಯನ್ನು ಬೇಯಿಸಿದಾಗ ಉಳಿಯುವ ರಸದಿಂದಲೇ ಅದನ್ನು ತೆಗೆಯುತ್ತಾರೆ. ಹುಂಜದ ಎದೆಯ ಗರಿಗಳಿಗೆ ಅದಕ್ಕಿಂತ ಹೊಂದುವ ಬಣ್ಣವನ್ನು ನಾನಂತೂ ಬೇರೆ ಹುಡುಕಲಾರೆ.

ಆದರೆ ಈ ಮೂರು ಬಗೆಯ ಬಟ್ಟೆಗಳ ಗುಣ ಒಂದಲ್ಲ. ಇಳಕಲ್ ಸೀರೆಯಲ್ಲಿ ಮೈಗೂ ಸೆರಗಿಗೂ ಬೇರೆ ಬೇರೆ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಇರುತ್ತದೆ. ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವುದು ಅಲ್ಲಿಯ ನೇಕಾರರ ವಿಶೇಷ. ಮೈ ಹತ್ತಿಯದಾಗಿದ್ದು ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯದೋ ಆಗಿರುವುದು ಸಾಮಾನ್ಯವಾದ್ದರಿಂದ, ಕೊಂಡಿಯ ಗೆರೆ ಹಾದುಹೋಗುವ ಚೂರಿನ ಒಂದು ಬದಿ ಹೆಚ್ಚು ಬಿಸಿಯನ್ನು ತಡೆಯುತ್ತದೆ, ಇನ್ನೊಂದು ಬದಿ ತಡೆಯುವುದಿಲ್ಲ. ಗುಳೇದಗುಡ್ಡದ ಸಾಂಪ್ರದಾಯಿಕ ಖಣದಲ್ಲಿ ಹಾಸು ರೇಷ್ಮೆ, ಅಡ್ಡಕ್ಕೆ ಹಾಯುವ ಹೊಕ್ಕು ಹತ್ತಿ. ಮೇಲ್ಮೈಯಲ್ಲಿ ಒತ್ತೊತ್ತಾಗಿ ಬುಟ್ಟಿ ಎಂದು ಕರೆಯುವ ಪುಟ್ಟ ಚಿತ್ತಾರಗಳು ಮೂಡಿರುತ್ತವೆ; ಕತ್ತರಿ ತಾಗಿದ ಕೂಡಲೇ ಅಂಚಿನ ಎಳೆಗಳು ಬಿಚ್ಚತೊಡಗುತ್ತವೆ. ರವಿಕೆ ಹೊಲಿಯುವ ದರ್ಜಿಗಳು ಖಣಕ್ಕೆ ಒಳಗಡೆ ಹೆಚ್ಚು ಅಂಚು ಬಿಡುವುದೂ ಓವರ್‌ಲಾಕ್ ಹಾಕಿಸುವುದೂ ಇದೇ ಕಾರಣಕ್ಕೆ. ಸಸ್ಯಬಣ್ಣದ ದಪ್ಪ ಹತ್ತಿಯೊಂದು ಮಾತ್ರ ಎಲ್ಲ ಬಗೆಯಲ್ಲೂ ಸಾಧು.

ಚೀಟಿಯಲ್ಲಿ ಎಲ್ಲವೂ ಕೈಮಗ್ಗದ ಬಟ್ಟೆ ಎಂದು ಬರೆದಿದ್ದರೂ, ಖಣವೆಂದು ಕೊಟ್ಟಿದ್ದ ತುಂಡುಗಳಲ್ಲಿ ಕೆಲವು ಪಾಲಿಯೆಸ್ಟರ್ ಆಗಿದ್ದವು. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಅಂಚಿನಿಂದ ನಾಲ್ಕೆಂಟು ಎಳೆಗಳನ್ನು ಎಳೆದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿಗೆ ಹಿಡಿಯಬೇಕು: ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಹಗುರವಾದ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಆರ್ಟ್ ಸಿಲ್ಕ್ ಎನ್ನುವುದು ರೇಯಾನ್ ಆಗಿದ್ದರೆ ಹತ್ತಿಯಂತೆಯೇ ಉರಿಯುತ್ತದೆ, ಆದ್ದರಿಂದ ಅದನ್ನು ಹೊಳಪಿನಿಂದಲೇ ಗುರುತಿಸಬೇಕು. ಪವರ್‌ಲೂಮಿನ ಪಾಲಿಯೆಸ್ಟರ್ ಖಣ ಕೆಟ್ಟ ಬಟ್ಟೆಯೆಂದು ನಾನು ಹೇಳುತ್ತಿಲ್ಲ. ಬಣ್ಣ ಬಿಡುವುದಿಲ್ಲ, ಸುಕ್ಕಾಗುವುದಿಲ್ಲ. ಆದರೆ ಚೀಟಿಯಲ್ಲಿ ಒಂದನ್ನು ಬರೆದು ಕಟ್ಟಿನಲ್ಲಿ ಇನ್ನೊಂದನ್ನು ಇಡುವುದು ಸರಿಯಲ್ಲ, ಮತ್ತು ಹತ್ತಿಗೆಂದು ಬಿಸಿ ಮಾಡಿದ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲಿಟ್ಟರೆ ಬಟ್ಟೆಯೂ ಇಸ್ತ್ರಿಪೆಟ್ಟಿಗೆಯ ತಳವೂ ಒಟ್ಟಿಗೇ ಹಾಳಾಗುತ್ತವೆ.

ಹುಂಜದ ನಕ್ಷೆ ಒಳ್ಳೆಯ ಆಯ್ಕೆ. ಒಂದರ ಮೇಲೊಂದು ಬರುವ ಗರಿಗಳಿರುವ ಹಕ್ಕಿಯಾದ್ದರಿಂದ ಚೂರು ಎಷ್ಟೇ ಚಿಕ್ಕದಾಗಿದ್ದರೂ ಅದಕ್ಕೊಂದು ಜಾಗ ಸಿಗುತ್ತದೆ, ಮತ್ತು ಗೆರೆ ಸ್ವಲ್ಪ ಆಚೀಚೆ ಹೋದರೂ ಹುಂಜವೇನೂ ಹುಂಜವಲ್ಲದೆ ಹೋಗುವುದಿಲ್ಲ. ತೊಡಕು ಇರುವುದು ಬಣ್ಣವನ್ನು ಹಂಚುವುದರಲ್ಲಿ. ವಿದೇಶದ ಕೊಲಾಜ್ ಕ್ವಿಲ್ಟ್‌ಗಳಲ್ಲಿ ಬಳಸುವುದು ದೊಡ್ಡ ದೊಡ್ಡ ಹೂವಿನ ಅಚ್ಚು ಹಾಕಿದ ಗಿರಣಿಯ ಹತ್ತಿಬಟ್ಟೆ. ಅಲ್ಲಿ ಹೂವಿನ ಅಂಚನ್ನೇ ಹಿಡಿದು ಕತ್ತರಿಸಿ ಜೋಡಿಸುತ್ತಾರೆ, ಹೂವಿನ ನೆರಳು ಬೆಳಕುಗಳೇ ಚಿತ್ರಕ್ಕೆ ಉಬ್ಬುತಗ್ಗು ಕೊಡುತ್ತವೆ. ಖಣದಲ್ಲಿ ಹಾಗೆ ಕತ್ತರಿಸಲು ಅಂಚೇ ಇಲ್ಲ. ಅದರ ಪುಟ್ಟ ಬುಟ್ಟಿಗಳು ಹತ್ತಿರದಿಂದ ಎಷ್ಟೇ ಚೆಂದ ಕಂಡರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ ಎಲ್ಲವೂ ಬೆರೆತು ಒಂದೇ ನಡುಬಣ್ಣವಾಗಿ ಕಾಣುತ್ತವೆ. ಹುಂಜದ ರೆಕ್ಕೆಯಲ್ಲೆಲ್ಲ ಖಣವನ್ನೇ ತುಂಬಿದರೆ ರೆಕ್ಕೆ ಎಲ್ಲಿ ಮುಗಿಯಿತು, ಹೊಟ್ಟೆ ಎಲ್ಲಿ ತೊಡಗಿತು ಎಂದು ತಿಳಿಯುವುದಿಲ್ಲ. ಎರಡು ಖಣದ ಗರಿಗಳ ನಡುವೆ ಒಂದು ಸಾದಾ ಬಟ್ಟೆಯ ಗರಿ ಬರಬೇಕು. ಆ ಸಾದಾ ಬಟ್ಟೆ ಪಕ್ಕದ ಖಣಕ್ಕಿಂತ ಎದ್ದು ಕಾಣುವಷ್ಟು ತಿಳಿಯಾಗಿರಬೇಕು ಅಥವಾ ಗಾಢವಾಗಿರಬೇಕು. ಚೂರುಗಳನ್ನು ಸುಮ್ಮನೆ ಹರಡಿಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪಿನ ಫೋಟೊ ತೆಗೆದರೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ: ಕಣ್ಣಿಗೆ ಬೇರೆ ಬೇರೆಯಾಗಿ ಕಂಡ ಕೆಂಪು ಹಸಿರುಗಳೆರಡೂ ಫೋಟೊದಲ್ಲಿ ಒಂದೇ ಬೂದುಬಣ್ಣವಾಗಿ ನಿಂತಿದ್ದರೆ, ಅವುಗಳಲ್ಲಿ ಒಂದನ್ನು ಅಲ್ಲಿಂದ ತೆಗೆಯಬೇಕು. ಕೈಪಿಡಿಯಲ್ಲಿ ಈ ವಿಷಯವಾಗಿ ಒಂದು ಸಾಲೂ ಇಲ್ಲ.

ಈಗ ಅಂಟಿನ ವಿಚಾರಕ್ಕೆ ಬರೋಣ. ನನ್ನ ಮುಖ್ಯ ಆಕ್ಷೇಪ ಇರುವುದು ಅಲ್ಲಿಯೇ. ಕೈಪಿಡಿ ಹೇಳುವ ಕ್ರಮ ಹೀಗಿದೆ: ಪ್ರತಿಯೊಂದು ಚೂರಿನ ಹಿಂಬದಿಗೆ ಫ್ಯೂಸಿಂಗ್ ಹಾಳೆಯನ್ನಿಟ್ಟು ಇಸ್ತ್ರಿ ಮಾಡುವುದು, ಆರಿದ ಮೇಲೆ ಬೇಕಾದ ಆಕಾರಕ್ಕೆ ಕತ್ತರಿಸುವುದು, ಕಾಗದವನ್ನು ಸುಲಿಯುವುದು, ಟೆಫ್ಲಾನ್ ಹಾಳೆಯ ಕೆಳಗೆ ನಕ್ಷೆಯನ್ನಿಟ್ಟು ಅದರ ಮೇಲೆ ಗರಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹಗುರಾಗಿ ಇಸ್ತ್ರಿ ಮಾಡುತ್ತ ಹೋಗುವುದು, ಇಡೀ ಹುಂಜ ಸಿದ್ಧವಾದ ಮೇಲೆ ಅದನ್ನು ಒಟ್ಟಾಗಿ ಎತ್ತಿ ತಳಬಟ್ಟೆಯ ಮೇಲಿಟ್ಟು ಬಿಸಿಯಾಗಿ ಒತ್ತುವುದು, ಕೊನೆಗೆ ಮೇಲೆ ಮೇಲೆ ಹೊಲಿಗೆ ಹಾಕುವುದು. ಒತ್ತಾಗಿ ನೇಯ್ದ ಗಿರಣಿಬಟ್ಟೆಗೆ ಇದು ಚೊಕ್ಕವಾದ ಕ್ರಮವೇ ಸರಿ. ಅಂಚುಗಳನ್ನು ಮಡಿಸುವ ಕೆಲಸವಿಲ್ಲ, ಅಂಟು ಅಂಚಿನ ಎಳೆಗಳನ್ನು ಹಿಡಿದಿಡುತ್ತದೆ, ಮನಸ್ಸು ಬದಲಾದರೆ ಕೊನೆಯ ಒತ್ತಿಗೆ ಮುಂಚೆ ಗರಿಯನ್ನು ಕಿತ್ತು ಬೇರೆ ಕಡೆ ಇಡಬಹುದು. ಸೂಜಿ ಹಿಡಿದು ಅಭ್ಯಾಸವಿಲ್ಲದವರಿಗೆ ಇದರಿಂದ ಧೈರ್ಯ ಬರುತ್ತದೆ ಎಂಬುದನ್ನೂ ಒಪ್ಪಬೇಕು.

ಕೈಮಗ್ಗದ ಬಟ್ಟೆಯಲ್ಲಿ ಇದು ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಮೊದಲ ಕಾರಣ ಗಂಜಿ. ಮಗ್ಗಕ್ಕೆ ಏರಿಸುವ ಮುನ್ನ ಹತ್ತಿಯ ಹಾಸಿನ ಎಳೆಗಳಿಗೆ ನೇಕಾರರು ಗಂಜಿ ಹಾಕುತ್ತಾರೆ, ಇಲ್ಲದಿದ್ದರೆ ಎಳೆಗಳು ಉಜ್ಜಿ ತುಂಡಾಗುತ್ತವೆ. ಒಗೆಯದ ಚೂರಿನ ಮೇಲೆ ಅಂಟನ್ನು ಕರಗಿಸಿದಾಗ ಅದು ನೂಲಿಗೆ ಹತ್ತುವ ಬದಲು ಗಂಜಿಗೆ ಹತ್ತುತ್ತದೆ, ಮೊದಲ ಒಗೆತದಲ್ಲಿ ಗಂಜಿ ಬಿಟ್ಟಾಗ ಅಂಟೂ ಬಿಡುತ್ತದೆ. ಕಿಟ್‌ನ ಚೂರುಗಳು ಒಗೆದವಲ್ಲ. ಒಗೆದುಕೊಳ್ಳಿ ಎಂದು ಕೈಪಿಡಿಯೂ ಹೇಳುವುದಿಲ್ಲ. ಎರಡನೆಯ ಕಾರಣ ಬಿಸಿ. ಅಂಟು ಸರಿಯಾಗಿ ಕರಗಿ ಎಳೆಗಳ ನಡುವೆ ಇಳಿಯಲು ಸಾಕಷ್ಟು ಬಿಸಿಯೂ ಒತ್ತಡವೂ ಹೊತ್ತೂ ಬೇಕು, ರೇಷ್ಮೆಗೂ ಆರ್ಟ್ ಸಿಲ್ಕಿಗೂ ಅಷ್ಟು ಬಿಸಿ ತಾಗಿದರೆ ಹೊಳಪು ಸಾಯುತ್ತದೆ. ಒದ್ದೆ ಬಟ್ಟೆಯನ್ನು ಮೇಲಿಟ್ಟು ಒತ್ತಿದರೆ ಸ್ವಲ್ಪ ಮಟ್ಟಿಗೆ ತಪ್ಪಿಸಿಕೊಳ್ಳಬಹುದು, ಆದರೆ ಕೊಂಡಿಯ ಗೆರೆ ಇರುವ ಇಳಕಲ್ ಚೂರಿನಲ್ಲಿ ಒಂದೇ ತುಂಡಿಗೆ ಎರಡು ಬಗೆಯ ಬಿಸಿಯನ್ನು ಹೇಗೆ ಕೊಡುವುದು?

ಮೂರನೆಯ ಕಾರಣ ಇವೆರಡಕ್ಕಿಂತ ದೊಡ್ಡದು. ಹುಂಜದ ಕುತ್ತಿಗೆಯ ಬಳಿ ನಾಲ್ಕೈದು ಗರಿಗಳು ಒಂದರ ಮೇಲೊಂದು ಬರುತ್ತವೆ, ಪ್ರತಿಯೊಂದರ ಹಿಂದೆಯೂ ಒಂದು ಪದರ ಅಂಟು ಇರುತ್ತದೆ. ಅಷ್ಟು ಪದರ ಸೇರಿದಾಗ ಆ ಜಾಗ ಬಿರುಸಾಗುತ್ತದೆ, ಮಡಿಸಿದರೆ ಗೆರೆ ಬೀಳುತ್ತದೆ, ಕೈಸೂಜಿ ಇಕ್ಕಳವಿಲ್ಲದೆ ಹೊರಬರುವುದಿಲ್ಲ. ಯಂತ್ರದಲ್ಲಿ ಹೊಲಿದರೆ ಸೂಜಿಗೆ ಅಂಟು ಮೆತ್ತಿಕೊಂಡು ಹೊಲಿಗೆ ತಪ್ಪುತ್ತದೆ, ಆಗಾಗ ನಿಲ್ಲಿಸಿ ಸೂಜಿಯನ್ನು ಸ್ಪಿರಿಟ್ಟಿನಿಂದ ಒರೆಸಬೇಕಾಗುತ್ತದೆ. ಅಂಟಿನಿಂದ ಹೊಲಿಗೆಯ ಶ್ರಮವೇನೂ ತಪ್ಪುವುದಿಲ್ಲ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಕೈಪಿಡಿಯೇ ಹೇಳುವಂತೆ ಪ್ರತಿ ಗರಿಯ ಅಂಚನ್ನೂ ಮೇಲಿನಿಂದ ಹೊಲಿಯಲೇಬೇಕು. ಹಾಗಾದರೆ ಅಂಟು ಇಲ್ಲಿ ಮಾಡುವ ಕೆಲಸ ಕಚ್ಚಾ ಹೊಲಿಗೆಯ ಕೆಲಸವಷ್ಟೆ. ಕಚ್ಚಾ ಹೊಲಿಗೆಯನ್ನು ಕೆಲಸ ಮುಗಿದ ಮೇಲೆ ಬಿಚ್ಚಬಹುದು, ಅಂಟನ್ನು ಬಿಚ್ಚಲಾಗುವುದಿಲ್ಲ. ಹುಂಜದ ಜುಟ್ಟಿನ ಹಲ್ಲುಗಳು, ಕೊಕ್ಕು, ಕಣ್ಣು ಇಂಥ ಮಡಿಸಲಾಗದಷ್ಟು ಚಿಕ್ಕ ತುಂಡುಗಳಿಗೆ ಅಂಟಿನ ಹಾಳೆ ಉಪಯುಕ್ತ; ಅಷ್ಟಕ್ಕೆ ಹತ್ತಿರದ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಂದು ಚಿಕ್ಕ ತುಂಡು ಸಾಕಾಗುತ್ತದೆ.

ಅಂಟನ್ನು ಬಿಟ್ಟರೆ ಚೂರುಗಳನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಬಹಳ ಹಿಂದಿನಿಂದಲೂ ಉತ್ತರವಿದೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತೇಪೆಗಳನ್ನಿಟ್ಟು, ಎಲ್ಲ ಪದರಗಳನ್ನೂ ಹಾದುಹೋಗುವ ಸಾದಾ ರನ್ನಿಂಗ್ ಹೊಲಿಗೆಯಿಂದ ಕೌದಿಯನ್ನು ಹೊಲಿಯುತ್ತಾರೆ. ಹೊಲಿಗೆ ಹೊರ ಅಂಚಿನಿಂದ ತೊಡಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯಲ್ಲಿರುವ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ, ಕವಂದಿ ಎಂಬ ಹೆಸರಿನ ಕೌದಿಯಲ್ಲಿ ಈ ವಿಧಾನ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಶಿಲುಬೆಯೋ ಅರ್ಧಚಂದ್ರವೋ ಕಾಣುವುದು ಅದರಿಂದಲೇ. ಅವರು ತಳಕ್ಕೆ ಒಂದು ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ತೊಡಗಿ, ಒಂದೊಂದು ತುಂಡನ್ನೂ ಅಂಚು ಮಡಿಸಿ ಇಡುತ್ತ, ಇಟ್ಟದ್ದನ್ನು ಆಗಲೇ ಹೊಲಿಯುತ್ತ, ಅಂಚಿನ ಗುಂಟ ಸುತ್ತಿ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಕ್ಷೆಯಿಲ್ಲ, ಮೊದಲೇ ಎಲ್ಲವನ್ನೂ ಜೋಡಿಸಿಕೊಳ್ಳುವುದೂ ಇಲ್ಲ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಫೂಲಗಳನ್ನು, ಅಂದರೆ ಹೂಗಳನ್ನು, ಹೊಲಿಯುತ್ತಾರೆ, ಅವಿಲ್ಲದೆ ಕವಂದಿ ಪೂರ್ಣವಾಯಿತೆಂದು ಅವರು ಭಾವಿಸುವುದಿಲ್ಲ.

ಇಡುವುದೂ ಹೊಲಿಯುವುದೂ ಒಂದೇ ಹೊತ್ತಿಗೆ ನಡೆಯುವುದರಿಂದ ಇಲ್ಲಿ ಚೂರುಗಳನ್ನು ಬೇರೆಯಾಗಿ ಅಂಟಿಸಿ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ಹುಂಜದಂಥ ಚಿತ್ರಕ್ಕೆ ಇದನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾಗುತ್ತದೆ. ತಳಬಟ್ಟೆ, ಹತ್ತಿಯ ಪದರ, ಹಿಂಬಟ್ಟೆ ಮೂರನ್ನೂ ಸೇರಿಸಿ ಕಚ್ಚಾ ಹೊಲಿಗೆ ಹಾಕಿಕೊಂಡು, ನಕ್ಷೆಯ ಹೊರಗೆರೆಯನ್ನು ದರ್ಜಿಯ ಸೀಮೆಸುಣ್ಣದಿಂದ ತಳಬಟ್ಟೆಯ ಮೇಲೆ ಮೂಡಿಸಿಕೊಂಡು, ಬಾಲದ ತುದಿಯಿಂದ ತೊಡಗಿ ತಲೆಯ ಕಡೆಗೆ ಬರಬೇಕು. ಮಂಗಳೂರು ಹೆಂಚು ಹೊದಿಸುವಾಗ ಸೂರಿನಿಂದ ತೊಡಗಿ ಮೇಲೇರುವ ಹಾಗೆ, ಇಲ್ಲಿಯೂ ಹಿಂದಿನ ಗರಿಯ ಬಿಚ್ಚಿದ ಬುಡವನ್ನು ಮುಂದಿನ ಗರಿಯ ತುದಿ ಮುಚ್ಚುತ್ತ ಹೋಗುತ್ತದೆ. ಆದ್ದರಿಂದ ಪ್ರತಿ ಗರಿಯಲ್ಲಿ ಕಣ್ಣಿಗೆ ಕಾಣುವ ತುದಿಯನ್ನು ಮಾತ್ರ ಕಾಲಿಂಚು ಒಳಗೆ ಮಡಿಸಿದರೆ ಸಾಕು, ಬುಡವನ್ನು ಹಾಗೆಯೇ ಬಿಡಬಹುದು. ಖಣದ ಗರಿಗೆ ಮಾತ್ರ ಅರ್ಧ ಇಂಚು ಮಡಿಕೆ ಬೇಕು. ಹಾಸು ಹೊಕ್ಕುಗಳಿಗೆ ಓರೆಯಾಗಿ, ಅಂದರೆ ಮೂಲೆಯಿಂದ ಮೂಲೆಗೆ ಬಟ್ಟೆಯನ್ನಿಟ್ಟು ಗರಿಯನ್ನು ಕತ್ತರಿಸಿಕೊಂಡರೆ ಎಳೆ ಬಿಚ್ಚುವುದು ಕಡಿಮೆಯಾಗುತ್ತದೆ ಮತ್ತು ಬಾಗಿದ ಅಂಚು ಸುಕ್ಕಿಲ್ಲದೆ ಮಡಚಿಕೊಳ್ಳುತ್ತದೆ. ಆದರೆ ಓರೆಬಟ್ಟೆ ಎಳೆದಷ್ಟೂ ಹಿಗ್ಗುವುದರಿಂದ ಹೊಲಿಯುವಾಗ ಕೈ ಹಗುರವಾಗಿರಬೇಕು.

ಹೀಗೆ ಹೊಲಿದ ಹುಂಜಕ್ಕೂ ಅಂಟಿಸಿ ಹೊಲಿದ ಹುಂಜಕ್ಕೂ ಇರುವ ವ್ಯತ್ಯಾಸ ಮುಟ್ಟಿದ ಕೂಡಲೇ ತಿಳಿಯುತ್ತದೆ. ಮೊದಲನೆಯದರಲ್ಲಿ ಹೊಲಿಗೆಯ ಸಾಲುಗಳ ನಡುವೆ ಬಟ್ಟೆ ಉಬ್ಬಿಕೊಂಡು, ಗರಿಗಳು ನಿಜವಾಗಿಯೂ ಒಂದರ ಮೇಲೊಂದು ಒರಗಿದಂತೆ ಕಾಣುತ್ತವೆ. ಎರಡನೆಯದು ಸಪಾಟಾಗಿ, ಅಚ್ಚು ಹಾಕಿದ ಚಿತ್ರದಂತೆ ನಿಲ್ಲುತ್ತದೆ. ಅಂಟಿನ ಹುಂಜದ ಗೆರೆಗಳು ಹೆಚ್ಚು ಖಚಿತವಾಗಿವೆ, ಉಗುರುಗಳು ಹೆಚ್ಚು ಚೂಪಾಗಿವೆ ಎಂಬುದು ನಿಜ. ಚೌಕಟ್ಟಿಗೆ ಹಾಕಿ, ಗಾಜಿನ ಹಿಂದೆ ಇಟ್ಟು, ಎಂದೂ ಒಗೆಯದೆ ನೋಡುವವರಿಗೆ ಅದೇ ಹಿಡಿಸಬಹುದು. ಕೌದಿ ಎಂದ ಮೇಲೆ ಅದು ಮಡಿಸಲೂ ಒಗೆಯಲೂ ಬರಬೇಕು ಎನ್ನುವವನು ನಾನು.

ಸೂಜಿದಾರಗಳ ಬಗ್ಗೆ ಒಂದೆರಡು ಮಾತು. ಕೊಟ್ಟಿರುವ ಆರೆಳೆಯ ದಾರ ಗುಣಮಟ್ಟದ್ದು, ಬಣ್ಣ ಬಿಡುವುದಿಲ್ಲ. ಆರೂ ಎಳೆಗಳನ್ನು ಒಟ್ಟಿಗೆ ಪೋಣಿಸದೆ ಎರಡೋ ಮೂರೋ ಎಳೆಗಳನ್ನು ಬೇರ್ಪಡಿಸಿ ಬಳಸಬೇಕು; ಒಂದು ಮೊಳಕ್ಕಿಂತ ಉದ್ದ ತೆಗೆದುಕೊಂಡರೆ ಖಣದ ಒರಟಿಗೆ ಉಜ್ಜಿ ನವಿರೇಳುತ್ತದೆ. ಕೈಸೂಜಿಗಳಲ್ಲಿ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ, ಯಂತ್ರದ ಸೂಜಿಗಳಲ್ಲಿ ನಂಬರ್ ಹೆಚ್ಚಾದಷ್ಟೂ ದಪ್ಪ ಎಂಬುದು ಹೊಸಬರಿಗೆ ಗೊಂದಲ ಉಂಟುಮಾಡುವ ವಿಷಯ, ಅದನ್ನು ಕೈಪಿಡಿ ಹೇಳಬೇಕಿತ್ತು. ಪೊಟ್ಟಣದಲ್ಲಿ ಮೂರೆಳೆ ಹಿಡಿಯುವಷ್ಟು ದೊಡ್ಡ ಕಣ್ಣಿನ ಸೂಜಿಗಳೂ ಇವೆ. ನಡುಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನವನ್ನು ಮಾತ್ರ ಬೇರೆಯಾಗಿ ಕೊಳ್ಳಬೇಕು.

ಕೈಪಿಡಿ ಇಂಗ್ಲಿಷಿನಲ್ಲಿದೆ. ಇಳಕಲ್ಲಿನ ಬಟ್ಟೆ, ಗುಳೇದಗುಡ್ಡದ ಖಣ, ಅಡಿಕೆಯ ಬಣ್ಣ ಎಲ್ಲವನ್ನೂ ಸೇರಿಸಿ ಕೌದಿ ಎಂಬ ಹೆಸರಿನಲ್ಲಿ ಮಾರುವಾಗ ಅರ್ಧ ಪುಟವಾದರೂ ಕನ್ನಡ ಇರಬೇಕಿತ್ತು, ಮತ್ತು ಕೌದಿಯನ್ನು ನಿಜವಾಗಿ ಹೇಗೆ ಹೊಲಿಯುತ್ತಾರೆಂಬ ಒಂದು ಚಿತ್ರವಾದರೂ ಇರಬೇಕಿತ್ತು. ಈಗಿರುವುದು ಬೇರೆ ದೇಶದ ಬೇರೆ ಬಟ್ಟೆಗಾಗಿ ಬರೆದ ಕ್ರಮವನ್ನು ಹೆಚ್ಚು ಯೋಚಿಸದೆ ಇಳಿಸಿಕೊಂಡಂತೆ ತೋರುತ್ತದೆ. ಗಂಜಿಯ ಮಾತು ಅದರಲ್ಲಿ ಬಾರದಿರುವುದಕ್ಕೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಬೆಲೆ ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಅಂಟು, ಟೆಫ್ಲಾನ್, ಕೈಪಿಡಿಗಳನ್ನು ಕಳೆದರೆ ಉಳಿಯುವ ಬಟ್ಟೆ ದಾರಗಳಿಗೆ ಇದು ಹೆಚ್ಚಾಯಿತೆಂದೇ ಹೇಳಬೇಕು. ಆದರೆ ಅದೇ ತಯಾರಕರು ಬರೀ ಚೂರುಬಟ್ಟೆಯ ಕಟ್ಟನ್ನು ಇದರ ಮೂರನೆಯ ಒಂದು ಭಾಗದಷ್ಟು ಬೆಲೆಗೆ ಬೇರೆಯಾಗಿ ಮಾರುತ್ತಾರೆ, ನಾನು ಓದುಗರಿಗೆ ಸೂಚಿಸುವುದು ಅದನ್ನು. ಹುಬ್ಬಳ್ಳಿ ಧಾರವಾಡದ ಕಡೆ ಇರುವವರಿಗೆ ಅದೂ ಬೇಕಿಲ್ಲ: ಖಣದ ರವಿಕೆ ಹೊಲಿಯುವ ದರ್ಜಿಗಳ ಅಂಗಡಿಯಲ್ಲಿ ಯಂತ್ರದ ಕೆಳಗಿನ ಚೀಲದಲ್ಲಿ ಬೀಳುವ ಚೂರುಗಳನ್ನು ಪರಿಚಯದವರಾದರೆ ಸುಮ್ಮನೆಯೇ ಕೊಡುತ್ತಾರೆ, ಸಾದಾ ಬಟ್ಟೆ ಬೇಕಾದರೆ ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಕಟ್‌ಪೀಸ್ ಕೊಳ್ಳಬಹುದು. ಸ್ವತಃ ಹೊಲಿಯಲು ಆಗದವರು ಹಳೆಯ ಸೀರೆಗಳನ್ನು ಕೊಟ್ಟು ಕೌದಿ ಹೊಲಿಯುವ ಮಹಿಳೆಯರಿಂದ ಕೂಲಿಗೆ ಹೊಲಿಸಿಕೊಳ್ಳುವುದು ಆ ಭಾಗದಲ್ಲಿ ಈಗಲೂ ಇದೆ, ಮತ್ತು ಅವರ ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡುವವರು ಮೊದಲು ಒಂದು ಚದರಡಿಯಷ್ಟು ತಾವೇ ಹೊಲಿದು ನೋಡುವುದು ಒಳ್ಳೆಯದು. ಕರ್ನಾಟಕದಿಂದ ದೂರವಿದ್ದು ಖಣದ ಒಂದು ಚೂರೂ ಕೈಗೆ ಸಿಗದವರಿಗೆ, ವಿಶೇಷವಾಗಿ ವಿದೇಶದಲ್ಲಿರುವ ಕನ್ನಡಿಗರಿಗೆ, ಚೂರುಬಟ್ಟೆಯ ಕಟ್ಟು ನಿಜವಾಗಿಯೂ ಉಪಯುಕ್ತ.

ಕಟ್ಟನ್ನು ಕೊಂಡವರು ಮೊದಲು ಮಾಡಬೇಕಾದ ಕೆಲಸ ಒಗೆತ. ಚಿಕ್ಕ ಚೂರುಗಳನ್ನು ಬಕೆಟ್ಟಿಗೆ ಹಾಗೆಯೇ ಹಾಕಿದರೆ ಎಳೆ ಬಿಚ್ಚಿ ಸಿಕ್ಕಾಗುತ್ತವೆ. ಹಳೆಯ ದಿಂಬಿನ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಸೌಮ್ಯವಾದ ದ್ರವ ಸಾಬೂನಿನ ತಣ್ಣೀರಿನಲ್ಲಿ ಕೈಯಿಂದ ಹಿಸುಕಿ ತೆಗೆಯಬೇಕು. ವಾಷಿಂಗ್ ಸೋಡಾ ಬೆರೆತ ಪುಡಿ ಬೇಡ, ಚೊಗರಿನ ಬಣ್ಣ ಕ್ಷಾರಕ್ಕೆ ಬದಲಾಗುತ್ತದೆ. ಇಳಕಲ್ಲಿನ ಕೆಂಪನ್ನು ಬೇರೆಯಾಗಿ ಒಗೆದು, ಒದ್ದೆಯಾಗಿರುವಾಗಲೇ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ ನೋಡಬೇಕು. ಬಿಳಿಯ ಮೇಲೆ ಕೆಂಪು ಮೂಡದಿರುವವರೆಗೂ ಒಗೆಯಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ಹಲವರು ಹೇಳುತ್ತಾರೆ, ಆದರೆ ಉಪ್ಪು ಉಪಯೋಗಕ್ಕೆ ಬರುವುದು ಬಣ್ಣ ಹಾಕುವ ಹೊತ್ತಿನಲ್ಲಿ. ಬಿಡುತ್ತಿರುವ ಬಣ್ಣವನ್ನು ಆಮೇಲೆ ತಡೆಯುವ ಭರವಸೆ ಅದರಿಂದ ಇಲ್ಲ. ಎಷ್ಟು ಒಗೆದರೂ ಬಿಡುತ್ತಲೇ ಇರುವ ತುಂಡನ್ನು ಪಕ್ಕಕ್ಕಿಡುವುದೇ ಲೇಸು. ಹೊಲಿದು ಮುಗಿಸಿದ ಮೇಲೆ ಗೋಡೆಗೆ ತೂಗುಹಾಕುವುದಾದರೆ ಮೂಲೆಗಳಿಗೆ ಕುಣಿಕೆ ಹಾಕಬಾರದು, ನಡುಭಾಗ ಜೋತುಬೀಳುತ್ತದೆ. ಹಿಂಬದಿಯ ಮೇಲಂಚಿಗೆ ಮೂರು ಇಂಚು ಅಗಲದ ಒಂದು ಉದ್ದ ಪಟ್ಟಿಯನ್ನು ಲಾಡಿ ತೂರಿಸುವ ನೇಫದಂತೆ ಹೊಲಿದು ಅದರೊಳಗೆ ಪರದೆಯ ಕೋಲನ್ನು ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯಾದರೆ ಸಸ್ಯಬಣ್ಣ ಬೇಗ ಮಾಸುವುದರಿಂದ ಬೇರೆ ಗೋಡೆಯನ್ನು ಆರಿಸಿಕೊಳ್ಳಬೇಕು.